ಹಳೆಯ ನೀರು ಚೆಲ್ಲಿದ ದಿನ

ಬೆಟಗೇರಿ
೨೧ ಫೆಬ್ರುವರಿ ೨೦೨೫

ನನ್ನ ಚಿರಂಜೀವಿ ವಿದ್ಯಾಶ್ರೀಗೆ ನಿನ್ನ ಅವ್ವನ ಆಶೀರ್ವಾದ.

ನಾನು, ನಿಮ್ಮಪ್ಪ ಇಲ್ಲಿ ಆರಾಮ ಇದ್ದೇವೆ. ನಿನ್ನ ಸುದ್ದಿಯೇ ಗೊತ್ತಿಲ್ಲ. ಎಂಟು ದಿನದಿಂದ ನೀನು ಫೋನ್ ಎತ್ತಿಲ್ಲ. ಎತ್ತಬೇಡ, ಸಿಟ್ಟು ನಿನ್ನ ಹಕ್ಕು. ಆದರೆ ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಜಾರಾಗಬೇಡ, ಮೂರು ಸಲ ಬರೆದು ಮೂರು ಸಲ ಹರಿದೆ. ನಿಮ್ಮ ಅರಣ್ಯ ಇಲಾಖೆಯ ಜೀಪ್ ಓಡಿಸುವ ಶಫೀಕ ರಿಪೇರಿಗೆಂದು ಊರಿಗೆ ಬಂದಿದ್ದಾನೆ, ಸಂಜೆ ಮುಂಡರಗಿಗೆ ಹೊರಡುವಾಗ ಅವನ ಕೈಯಲ್ಲಿ ಕಳಿಸುತ್ತೇನೆ.

ನಿಮ್ಮಪ್ಪ ಮಗ್ಗದ ಮೇಲೆ ಕೂತಿದ್ದಾರೆ. ನಿನಗೆಂದು ಎತ್ತಿಟ್ಟ ಹಸಿರು ಸೀರೆ ಅರ್ಧ ಆಗಿದೆ. ನನ್ನ ಜೊತೆ ಅವರದೂ ಮಾತು ಕಡಿಮೆ. ಮೊನ್ನೆ ಊಟಕ್ಕೆ ಕರೆದರೆ, "ನಿನಗ ಬಾಯಿ ಐತಿ ಅಂತ ಊರಿಗೆಲ್ಲ ಗೊತ್ತಾತಲ್ಲ, ಸಾಕಿಲ್ಲೇನು?" ಎಂದರು. ತಪ್ಪೇನಿಲ್ಲ. ಖಾಲಿ ಕೊಡ ಹಿಡಿದು ನಾನು ಕೂಗಿದ ವಿಡಿಯೋ ನಿನಗೂ ಮುಟ್ಟಿರಬೇಕು.

ಸಂಕ್ರಾಂತಿಗೆ ಬಂದಾಗ ನೀನು ಎಲ್ಲ ಬಿಡಿಸಿ ಹೇಳಿದ್ದೆ. ನೀರುನಾಯಿಯ ಮರಿಗಳು ಹುಟ್ಟುತ್ತಲೇ ಈಜುವುದಿಲ್ಲ, ತಾಯಿಯೇ ಕುತ್ತಿಗೆ ಹಿಡಿದು ನೀರಿಗೆಳೆದು ಕಲಿಸಬೇಕು ಎಂದಿದ್ದೆ. ನಾನು "ನಿನಗೆ ಓದು ಕಲಿಸಿದ ಹಾಗೆ" ಎಂದು ನಕ್ಕಿದ್ದೆ. ಬ್ಯಾರೇಜಿನ ಗೇಟು ಇಳಿಸಿದರೆ ಹೊಳೆ ಏರಿ ದಂಡೆಯ ಬಿಲಗಳು ಮುಳುಗುತ್ತವೆ, ಇಳಿಸದಿದ್ದರೆ ನಮ್ಮೂರಿನ ಪೈಪಿಗೆ ನೀರು ಹತ್ತುವುದಿಲ್ಲ. ಈ ತಿಂಗಳು ಗೇಟು ಇಳಿಸುವ ಮಾತು ಬಂದಾಗ, ಹನ್ನೆರಡು ದಿನ ತಡೆಯಿರಿ, ಮರಿಗಳಿಗೆ ಈಜು ಬರಲಿ ಎಂದು ನೀವು ಬೇಡಿಕೊಂಡಿರಿ. ಬ್ಯಾರೇಜಿನ ಸಾಹೇಬರು ಒಪ್ಪಿದ್ದರು. ಆರು ದಿನ ಕಳೆದಿತ್ತು.

ಅಷ್ಟರಲ್ಲಿ ನಮ್ಮ ಓಣಿಯಲ್ಲಿ ನೀರು ಬಂದು ಹದಿನೈದು ದಿನವಾಗಿತ್ತು. ಹೋದ ವಾರ ಮಂಗಳವಾರ ಓಣಿಯವರೆಲ್ಲ ಧರಣಿಗೆ ಹೊರಟಾಗ ಪಕ್ಕದ ಮನೆಯ ಬಸವಣ್ಣೆವ್ವ ಕೊಡ ತಂದು ನನ್ನ ಕೈಗೇ ಕೊಟ್ಟಳು. "ನೀ ಮುಂದ ನಿಂದರು ದ್ರಾಕ್ಷಾಯಣಿ, ನಿನ್ನ ಮಗಳೇ ಅಲ್ಲೇನು ನೀರು ತಡದಾಕಿ?" ಎಂದಳು. ಆ ಮಾತು ನನಗೆ ಚುಚ್ಚಿತು. ಮಗಳ ಕಡೆಯವಳು ಅನಿಸಿಕೊಳ್ಳಬಾರದೆಂದು ಎಲ್ಲರಿಗಿಂತ ಜೋರಾಗಿ ನಾನೇ ಕೂಗಿದೆ. "ಬೆಟಗೇರಿ ಮಂದಿ ನೀರಿಲ್ಲದ ಸಾಯಬೇಕು, ನೀರನಾಯಿ ಸುಖಾ ಪಡಬೇಕು, ಎಲ್ಲಿ ನ್ಯಾಯರಿ ಇದು?" ಎಂದೆ. ಮಂದಿ ಚಪ್ಪಾಳೆ ತಟ್ಟಿದರು. ಖರೆ ಹೇಳುತ್ತೇನೆ, ಆಗ ನನಗೆ ಖುಷಿಯೇ ಆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದೇ ವಾರ ಶುಕ್ರವಾರ ಬೆಳಿಗ್ಗೆ ನೀರು ಬಂತು. "ನೀರ ಬಂತವಾ! ಹಳೇವೆಲ್ಲ ಚೆಲ್ಲು ಜಲ್ದಿ!" ಎಂದು ಬಸವಣ್ಣೆವ್ವ ಒದರಿದಳು. ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಹೊಸ ನೀರು ಬಂದ ದಿನ ಹಳೆಯದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನಾನೂ ಹಿತ್ತಲಿನ ಎರಡು ಡ್ರಮ್ಮು ಉರುಳಿಸಿದೆ. ಎರಡೂ ತುಂಬಿದ್ದವು. ನೀರು ತಿಳಿಯಾಗಿಯೇ ಇತ್ತು, ಒಂದು ಹುಳವೂ ಇರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಓಣಿಯ ಎರಡೂ ಕಡೆ ಗಟಾರು ತುಂಬಿ ಹರಿಯುತ್ತಿತ್ತು. ಪ್ರತಿ ಮನೆಯವರೂ ಚೆಲ್ಲುತ್ತಿದ್ದರು. ಮಂಗಳವಾರ ಖಾಲಿ ಕೊಡ ಹಿಡಿದು ನನ್ನ ಹಿಂದೆ ನಿಂತವರೇ ಅವರೆಲ್ಲ.

ಅದೇ ಹೊತ್ತಿಗೆ ನಿನ್ನ ಬಟ್ಟೆ ಒಯ್ಯಲು ಶಫೀಕ ಬಂದ. ಗಟಾರು ದಾಟಿ ಬಂದು ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟರೆ ಮುಟ್ಟಲಿಲ್ಲ, ಮೊಬೈಲ್ ತೋರಿಸಿದ. ಗೋಣಿಚೀಲದ ಮೇಲೆ ಐದು ಮರಿ, ಸಾಲಾಗಿ ಮಲಗಿಸಿದ್ದರು. ಒಂದರ ಬಾಯಿ ತೆರೆದಿತ್ತು. "ಬುಧವಾರ ಗೇಟ್ ಇಳಿಸಿದ್ರು ಅಕ್ಕಾರ, ಗುರುವಾರ ಮುಂಜಾನೆ ಸಿಕ್ವು. ತಾಯಿ ಇನ್ನೂ ಅಲ್ಲೇ ಸುತ್ತಾಕತ್ತೈತಿ, ಸೀಟಿ ಹೊಡದಂಗ ಕರಿತೈತಿ" ಎಂದ. ನನ್ನ ಕಾಲಡಿ ನಾನು ಚೆಲ್ಲಿದ ನೀರು ಹರಿಯುತ್ತಿತ್ತು. ವಿದ್ಯಾ, ನಾನು ಸತ್ತವರನ್ನು ನೋಡದವಳಲ್ಲ. ಆದರೆ ಆ ಐದನ್ನು ನೋಡಿದಾಗಿನಿಂದ ನಲ್ಲಿ ಸದ್ದಾದರೂ ಎದ್ದು ಹೋಗಿ ಬಂದ್ ಮಾಡಿ ಬರುತ್ತೇನೆ.

ನಾನು ಅಷ್ಟು ಕೂಗದಿದ್ದರೆ ಗೇಟು ಇಳಿಯುತ್ತಿರಲಿಲ್ಲ ಎಂದು ನೀನು ಸಿಟ್ಟಾಗಿದ್ದೀಯ. ಆಗು. ಆದರೆ ಉಪವಾಸ ಇರಬೇಡ. ಡಬ್ಬಿಯಲ್ಲಿ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಇಟ್ಟಿದ್ದೇನೆ. ಆ ತಾಯಿ ನೀರುನಾಯಿ ಹೊಳೆ ಬಿಟ್ಟು ಹೋಗದಿರಲಿ, ಮುಂದಿನ ವರ್ಷ ಅದರ ಮಡಿಲು ತುಂಬಲಿ. ನಿನಗೂ ದೇವರು ಗಟ್ಟಿ ಮನಸ್ಸು ಕೊಡಲಿ.

ನಿನ್ನ ಅವ್ವ,
ದ್ರಾಕ್ಷಾಯಣಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಶಫೀಕ ಬಂದ. "ಆಕಿ ಸಿಟ್ಟು ಇಳೀತೇನೋ?" ಎಂದು ಕೇಳಿದೆ. "ನಿಮ್ಮ ಮ್ಯಾಲ ಯಾಕ ಸಿಟ್ಟು ಅಕ್ಕಾರ? ಬುಧವಾರ ಮೀಟಿಂಗಿನ್ಯಾಗ ಸಾಹೇಬ್ರು, ಊರಾಗ ಖರೇನ ನೀರಿಲ್ಲೇನು, ಇನ್ನೊಂದು ಆರು ದಿನ ತಡಕೋತಾರೇನು ಅಂತ ಕೇಳಿದ್ರು. ನಿಮ್ಮ ಮಗಳು ಎದ್ದು ನಿಂತು, ನಮ್ಮವ್ವಗ ಈಗರೆ ಫೋನ್ ಮಾಡೀನಿ, ಮನ್ಯಾಗ ಹನಿ ನೀರಿಲ್ಲ ಅಂದಾಳ, ಆಕಿ ನನಗ ಸುಳ್ಳು ಹೇಳಂಗಿಲ್ಲ, ಗೇಟ್ ಇಳಸ್ರಿ ಅಂತ ತಾವೇ ಸಹಿ ಮಾಡಿದ್ರು. ಈಗ ಯಾರ ಜೋಡೀನೂ ಮಾತಾಡವಲ್ರು. ಮಂದಿ ನೀರು ಕುಡದ್ರಲ್ಲ ಅಂತ ಒಂದೇ ಸಮಾಧಾನ ಮಾಡ್ಕೊಂಡಾರ" ಎಂದ.

ಮಗಳೇ, ನೀನು ಫೋನಿನಲ್ಲಿ ಕೇಳಿದಾಗ ನಾನು ಹಿತ್ತಲಿನಲ್ಲೇ ನಿಂತಿದ್ದೆ. ತುಂಬಿದ ಡ್ರಮ್ಮಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ಇಲ್ಲ ಎಂದೆ.

ಇದನ್ನೂ ಹರಿಯಬೇಕೆನಿಸಿತು. ಹರಿಯಲಿಲ್ಲ. ನೀನು ಇಷ್ಟು ದಿನ ಸಿಟ್ಟಾಗಿರಲಿಲ್ಲವಂತೆ. ಈಗ ಆಗು.