ನೂರಾಗುವ ತನಕ ಮುಟ್ಟಬಾರದು

ಮನೆ, ಅಡುಗೆಮನೆಯ ಮೇಜು
ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಯ ಅಪ್ಪನಿಗೆ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಮರದ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಇಲ್ಲಿ ಅತ್ತೆ, ಗುಬ್ಬಿ, ನಾನು ಚೆನ್ನಾಗಿದ್ದೇವೆ. ಹಾಗೆಂದು ಬರೆದೆನೇ ಹೊರತು ನಿನ್ನೆಯಿಂದ ನನಗೆ ನೆಮ್ಮದಿಯಿಲ್ಲ. ಫೋನಿರುವಾಗ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡಿ. ಆ ಫೋನಿನದೇ ದೊಡ್ಡ ರಾಮಾಯಣ.

ನಿನ್ನೆ ಬಟ್ಟೆ ನೆನೆಹಾಕಿದ್ದ ಬಕೆಟ್ಟಿಗೆ ಬಗ್ಗಿದಾಗ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಜಾರಿ ಸೋಪಿನ ನೀರಿಗೆ ಬಿತ್ತು. ಎತ್ತಿ, ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. "ಫೋನೂ ಹೋಯ್ತು, ಅಕ್ಕೀನೂ ಹೋಯ್ತು" ಎಂದು ಅತ್ತೆ ಗೊಣಗಿದರು. ಅದು ಕಣ್ಣು ಬಿಡಲೇ ಇಲ್ಲ. ಫೋನು ಹಾಳಾಗಿ ಹೋಗಲಿ ರೀ, ನನ್ನ ಹೆದರಿಕೆಯೆಲ್ಲ ನಿಮ್ಮ ದನಿಯದು. ಟೈಪ್ ಮಾಡಲು ಪುರುಸೊತ್ತಿಲ್ಲ ಎಂದು ನೀವು ಇತ್ತೀಚೆಗೆ ಬರೀ ವಾಯ್ಸ್ ಮೆಸೇಜ್ ಕಳಿಸುತ್ತೀರಲ್ಲ, ಅದರಲ್ಲಿ ನಿಮ್ಮ ಕಥೆ ಕೇಳದೆ ಗುಬ್ಬಿ ತುತ್ತು ನುಂಗುವುದಿಲ್ಲ. ವಿಡಿಯೋ ಕಾಲ್ ಮಾಡೋಣವೆಂದರೆ ನಿಮ್ಮ ಕ್ಯಾಮೆರಾ ಕೆಟ್ಟು ಕೂತಿದೆ. ಮುಖ ಕಂಡು ಯಾವ ಕಾಲವಾಯಿತೋ! ದನಿಯೂ ಹೋದರೆ ಮಗುವಿನ ಪಾಲಿಗೆ ಅಪ್ಪನೆಂದರೆ ಗೋಡೆಯ ಮೇಲಿನ ಫೋಟೋ ಅಷ್ಟೇ ಎನ್ನಿಸಿಬಿಟ್ಟಿತು. ಥೂ, ಎಂಥ ಮಾತು ಬರೆದೆ! ಬಿಡ್ತು ಅನ್ನಿ.

ರಿಪೇರಿ ಅಂಗಡಿಯ ಕನ್ನಡಕದವರು ಬಿಚ್ಚಿ ನೋಡಿ, "ಇದು ಮುಗೀತು ಅಕ್ಕಾ. ಬ್ಯಾಕಪ್ ಇದೆಯಾ? ಕ್ಲೌಡ್‌ನಲ್ಲಿದ್ರೆ ಬೇರೆ ಫೋನಿಗೆ ಇಳಿಸ್ಕೋಬಹುದು" ಎಂದರು. ನನಗೇನು ಗೊತ್ತು? ಹೊರಡುವ ಮುಂಚೆ ನೀವು ಎರಡೂ ಫೋನು ಮುಂದಿಟ್ಟುಕೊಂಡು, "ಎರಡಕ್ಕೂ ಒಂದೇ ಅಕೌಂಟು, ಒಂದೇ ಪಾಸ್‌ವರ್ಡು. ಅದಕ್ಕಿಂತ ಹೆಚ್ಚು ನಿನ್ನ ತಲೇಲಿ ನಿಲ್ಲಲ್ಲ" ಎಂದು ಛೇಡಿಸಿದ್ದಷ್ಟೇ ನೆನಪು. ತಮ್ಮನ ಹಳೆಯ ಫೋನಿಗೆ ನನ್ನ ಸಿಮ್ ಹಾಕಿ ಆ ಪಾಸ್‌ವರ್ಡು ಕೊಟ್ಟೆ, ಪುಣ್ಯಕ್ಕೆ ಒಪ್ಪಿಕೊಂಡಿತು. "ಮನೇಲಿ ವೈಫೈಗೆ ಹಾಕಿ. ರಿಸ್ಟೋರ್ ಅಂತ ಬಂದಾಗ ಅದನ್ನೇ ಒತ್ತಿ. ಪಕ್ಕದಲ್ಲಿ ಸ್ಕಿಪ್ ಅಂತಿರುತ್ತೆ, ಅದನ್ನ ಒತ್ತಿದ್ರೋ ಹಳೇ ಮೆಸೇಜಿನ ಆಸೆ ಬಿಟ್ಬಿಡಿ. ನೂರಾಗೋ ತನಕ ಮುಟ್ಟಬೇಡಿ" ಎಂದು ಎಚ್ಚರಿಸಿ ಕಳಿಸಿದರು. ಅವೆರಡನ್ನೂ ಅಕ್ಕಪಕ್ಕ ಇಟ್ಟ ಪುಣ್ಯಾತ್ಮ ಯಾರೋ! ನನ್ನ ಬೆರಳು ಎಲ್ಲಿ ಸ್ಕಿಪ್‌ಗೆ ತಾಗುತ್ತದೋ ಎಂದು ಎರಡು ಸಲ ಹಿಂದೆಗೆದೆ. ಕೊನೆಗೆ ಗುಬ್ಬಿಯ ಬೆರಳು ಹಿಡಿದು ಅದರಿಂದಲೇ ಒತ್ತಿಸಿದೆ.

ಮೇಲಿನ ಮನೆಯ ಟೀಚರಮ್ಮ ವೈಫೈ ಕೊಟ್ಟಿದ್ದಾರೆ. ಫೋನು ಚಾರ್ಜರಿಗೆ ಅಂಟಿಕೊಂಡು ನನ್ನೆದುರೇ ಬಿದ್ದಿದೆ. ಗುಬ್ಬಿ ಗಲ್ಲಕ್ಕೆ ಕೈಕೊಟ್ಟು ಕೂತು ಅಂಕಿ ಓದುತ್ತಿದ್ದಾಳೆ. ನೂರಾದರೆ ಅಪ್ಪನದೆಲ್ಲ ವಾಪಸ್ ಬರುತ್ತದೆ ಎಂದು ಹೇಳಿಟ್ಟಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು, "ನಮ್ಮ ಸಾಮಾನನ್ನ ಯಾರ ಮನೇಲೋ ಇಟ್ಟು ನಾವೇ ಕೈಕಟ್ಟಿ ಕಾಯೋ ಹಾಗಾಯ್ತಲ್ಲೇ" ಎನ್ನುತ್ತಿದ್ದಾರೆ. ಕರೆಂಟು ಹೋದರೆ ಏನು ಗತಿ ಎಂದು ಗಳಿಗೆಗೊಮ್ಮೆ ಫ್ಯಾನಿನ ಕಡೆ ನೋಡುತ್ತಿದ್ದೇನೆ. ಕಾಲ್ ಮಾಡಿದರೆ ಇಳಿಯುವುದು ಎಲ್ಲಿ ನಿಂತುಬಿಡುತ್ತದೋ ಎಂಬ ಭಯಕ್ಕೇ ಈ ಕಾಗದ. ನಿಮ್ಮ ವರ್ಕ್‌ಶಾಪಿನ ಡ್ರೈವರಣ್ಣ ಸಂಜೆ ವಾಪಸ್ ಹೊರಡುತ್ತಾರಂತೆ, ಅವರ ಕೈಲಿ ಕಳಿಸುತ್ತೇನೆ. ಬೆಳಿಗ್ಗೆ ಸಿಕ್ಕಾಗ "ನಮ್ಮವರು ಹೇಗಿದ್ದಾರಣ್ಣ?" ಎಂದು ಕೇಳಿದೆ. "ಇದ್ದಾರಮ್ಮ" ಎಂದು ಚಪ್ಪಲಿ ನೋಡುತ್ತಾ ಹೊರಟೇಬಿಟ್ಟರು. ಅವರ ಮಾತು ಯಾವಾಗಲೂ ಅಷ್ಟೇ ಅಂದುಕೊಂಡೆ.

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಗುಬ್ಬಿಯ ಮುತ್ತನ್ನು ಕಾಗದದ ಮೂಲೆಗೆ ಹಾಕಿಸಿದ್ದೇನೆ, ಒದ್ದೆಯಾಗಿದ್ದರೆ ಅದೇ. ಮೆಷಿನ್ ಹತ್ತಿರ ಹುಷಾರು ರೀ.

ಇತಿ ನಿಮ್ಮ,
ಗುಬ್ಬಿಯ ಅಮ್ಮ

ತಾ.ಕ.: ರೀ, ಲಕೋಟೆ ಅಂಟಿಸುವಷ್ಟರಲ್ಲಿ ಫೋಟೋ ಬರತೊಡಗಿದವು. ನನ್ನವಷ್ಟೇ ಅಲ್ಲ, ನಿಮ್ಮ ಫೋನಿನವೂ. ಅಕೌಂಟು ಒಂದೇ ಅಲ್ಲವೇ, ಎರಡರದ್ದೂ ಒಂದೇ ಕಡೆ ಸೇರುತ್ತಿತ್ತು. ಹಳೇ ಫೋನಿನಲ್ಲಿ ನಾನು ಆ ಫೋಟೋ ಜಾಗವನ್ನು ತೆರೆದೇ ನೋಡಿರಲಿಲ್ಲ, ನಿಮಗೂ ಹೊಳೆದಿರಲಿಕ್ಕಿಲ್ಲ. ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ಬ್ಯಾಂಡೇಜು ಸುತ್ತಿದ ಬಲಗೈಯ ಫೋಟೋ ಇದೆ, ಬ್ಯಾಂಡೇಜು ಬಿಚ್ಚಿದ ಬಲಗೈಯದೂ ಇದೆ. ಟೈಪ್ ಮಾಡಲು ಪುರುಸೊತ್ತಿಲ್ಲ ಅಂದಿರಲ್ಲ! ಅಷ್ಟು ನೋವನ್ನು ಒಬ್ಬರೇ ಹೇಗೆ ತಡೆದುಕೊಂಡಿರಿ? ಅತ್ತೆಗೆ ಇನ್ನೂ ಹೇಳಿಲ್ಲ. ನಾನು ಬೈಯುವುದಿಲ್ಲ, ಏನೂ ಕೇಳುವುದೂ ಇಲ್ಲ, ಮೊದಲು ಮನೆಗೆ ಬನ್ನಿ. ಗುಬ್ಬಿ ನನಗಿಂತ ಮುಂಚೆಯೇ ನೋಡಿಬಿಟ್ಟಳು. "ಇನ್ನೂ ನೂರಾಗಿಲ್ಲ ಅಲ್ವಾಮ್ಮಾ? ನೂರಾದ್ಮೇಲೆ ಅಪ್ಪನ ಆ ಎರಡು ಬೆರಳೂ ಬರುತ್ತೆ ಅಲ್ವಾ?" ಎಂದು ಕೇಳಿ, ಮತ್ತೆ ಫೋನಿನ ಮುಂದೆ ಹೋಗಿ ಕೂತಿದ್ದಾಳೆ.