ತಂತಿಯ ಇನ್ನೊಂದು ತುದಿ

ಏಪ್ರಿಲ್ 11, ಶನಿವಾರ

ಇವತ್ತೂ ಟೇಪ್ ಹಿಡಿದು ಟೆರೇಸು ಅಳೆದದ್ದೇ ಆಯಿತು. ನಾನು ಸೈನ್ಸ್ ಕಲಿಸುವ ಸಾಲಿಗೆ ರಜೆ ಬಿದ್ದಿದೆ. ದೂರದೂರದ ಹವ್ಯಾಸಿಗಳ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಲೈಸೆನ್ಸ್ ಕೈಗೆ ಬಂದಿದೆ, ಸೆಕೆಂಡ್‌ಹ್ಯಾಂಡ್ ಸೆಟ್ಟೂ ಬಂದಿದೆ. ಆಂಟೆನಾ ಹಾಕಲು ಜಾಗ ಮಾತ್ರ ಇಲ್ಲ. ಇಪ್ಪತ್ತು ಮೀಟರ್ ತಾಮ್ರದ ತಂತಿ, ಎರಡೂ ತುದಿ ಎತ್ತರದಲ್ಲಿರಬೇಕು — ಅಷ್ಟೇ. ಬೀದಿಯ ಕಡೆ ಕರೆಂಟಿನ ಲೈನ್, ಅತ್ತ ಹೋದರೆ ಜೀವಕ್ಕೇ ಸಂಚಕಾರ. ಉಳಿದದ್ದು ನಮ್ಮ ಮನೆ ಮೇಲಿನ ಬೌದ್ಧ ಪಂಚಶೀಲ ಧ್ವಜದ ಕಂಬ, ಮತ್ತೆ ಹಿತ್ತಲಾಚೆ ಸಾವಂತ್ರೆವ್ವನ ಬೇವಿನ ಗಿಡ.

ಅಪ್ಪನನ್ನು ಕೇಳಿದೆ.

"ಧ್ವಜದ ಕಂಬಕ್ಕ ಏನೂ ಕಟ್ಟಬ್ಯಾಡ ಪ್ರಜ್ಞಾ. ಅದನ್ನ ಏರಸಾಕ ನಾವು ಎಷ್ಟ್ ಬಡದಾಡೇವಿ, ನಿನಗ ಗೊತ್ತಿಲ್ಲ."

"ಬೇವಿನ ಗಿಡಕ್ಕ?"

"ಅದರ ಸುದ್ದೀನ ತಗೀಬ್ಯಾಡ."

ಯಾಕೆಂದು ಗೊತ್ತು. ಅಪ್ಪ ಹುಡುಗನಿದ್ದಾಗ ಆ ಗಿಡದ ನೆರಳಿಗೆ ಕುಂತದ್ದಕ್ಕೆ, ಕೇರಿಯವನೆಂದು, ಸಾವಂತ್ರೆವ್ವನ ಮಾವ ಬೈದು ಎಬ್ಬಿಸಿದ್ದ. ಆ ಮಾವ ಈಗಿಲ್ಲ. ಸಾವಂತ್ರೆವ್ವ ನನ್ನ ಜೊತೆ ದಿನಾ ಮಾತಾಡುತ್ತಾಳೆ. ಅಪ್ಪ ಮಾತ್ರ ಇವತ್ತಿಗೂ ಆ ಕಟ್ಟೆ ತುಳಿದಿಲ್ಲ.

ಏಪ್ರಿಲ್ 14, ಮಂಗಳವಾರ

ಬಾಬಾಸಾಹೇಬರ ಜಯಂತಿ. ಮೆರವಣಿಗೆ, ಊಟ, ಸುಸ್ತು. ರೇಡಿಯೋ ಮುಟ್ಟಲಿಲ್ಲ.

ಏಪ್ರಿಲ್ 19, ರವಿವಾರ. ಸಂಜೆ

ಹಟಕ್ಕೆ ಬಿದ್ದು ಟೆರೇಸಿನ ಪ್ಯಾರಾಪೆಟ್ ಉದ್ದಕ್ಕೂ ತಂತಿ ಎಳೆದೆ. ಸೊಂಟದೆತ್ತರ. ಬರೀ ಗುಂಯ್... ಓಣಿಯ ಇನ್ವರ್ಟರುಗಳೆಲ್ಲ ನನ್ನ ಕಿವಿಯಲ್ಲೇ ಸಂಸಾರ ಹೂಡಿದ ಹಾಗೆ. ಅಪ್ಪ ಚಹಾ ತಂದ. ಅಷ್ಟರಲ್ಲಿ ಗದ್ದಲದ ಅಡಿಯಿಂದ ಒಬ್ಬನ ದನಿ, ಇಂಗ್ಲಿಷಿನಲ್ಲಿ — ಹೆಸರು ನಿಹಾಲ್, ದಿನಾ ಸಂಜೆ ಇಲ್ಲೇ ಇರುತ್ತೇನೆ, ಊರು ಅನುರಾಧಪುರ... ಮುಳುಗಿ ಹೋಯಿತು.

ಅಪ್ಪನ ಕೈಯಲ್ಲಿ ಕಪ್ಪು ಹಾಗೇ ನಿಂತಿತು.

"ಅಶೋಕನ ಮಗಳು ಸಂಘಮಿತ್ರಾ ಬೋಧಿ ಗಿಡದ ಟೊಂಗಿ ಒಯ್ದ ಊರಲಾ ಅದು? ಶ್ರೀಲಂಕಾದಾಗ?"

"ಹೌದಪ್ಪಾ."

"ನೆಟ್ ಇಲ್ಲದ?"

"ನೆಟ್ಟೂ ಇಲ್ಲ, ಟವರೂ ಇಲ್ಲ. ಮ್ಯಾಲ ಆಕಾಶಕ್ಕ ಬಡದು ತಿರುಗಿ ಇಳೀತೈತಿ."

ಅಪ್ಪ ಮೇಲೆ ನೋಡಿದ. ನಾನೂ ನೋಡಿದೆ. ಇದನ್ನೆಲ್ಲ ಓದಿ ಪಾಸಾದವಳು ನಾನೇ. ಆದರೂ ಮೈ ಜುಮ್ಮೆಂದಿತು. ಸಮುದ್ರ ದಾಟಿದ ದನಿ ಮುರಗೋಡದಲ್ಲಿ ನಮ್ಮ ಟೆರೇಸಿಗೇ ಬಂದು ಇಳಿದಿತ್ತು.

ಏಪ್ರಿಲ್ 26, ರವಿವಾರ

ವಾರವೆಲ್ಲ ಹುಡುಕಿದೆ. ನಿಹಾಲ್ ಸಿಗಲಿಲ್ಲ. ಅಪ್ಪ ದಿನಾ ಸಂಜೆ ಬಂದು ಕೂರುತ್ತಾನೆ, ಗುಂಯ್ ಕೇಳಿ ಎದ್ದು ಹೋಗುತ್ತಾನೆ. ಇವತ್ತು ಎದ್ದವನು ಅಲ್ಲೇ ನಿಂತ.

"ಹುಣ್ಣಿವಿ ದಿನ ಹೊಸಾ ಧ್ವಜ ಏರಸತೇವಲಾ, ಕಂಬ ಹೆಂಗೂ ಇಳಸತೇವಿ. ಆವಾಗ ಒಂದು ತುದಿ ಕಟ್ಟಕೋ. ಧ್ವಜದ ಕೆಳಗ. ಮ್ಯಾಲ ಹೋಗಬಾರದು."

"ಇನ್ನೊಂದು ತುದಿ?"

ಅಪ್ಪ ಮೆಟ್ಟಿಲಿಳಿದ. ಚಪ್ಪಲಿ ಮೆಟ್ಟಿದ. ಹಿತ್ತಲು ದಾಟಿ ಸಾವಂತ್ರೆವ್ವನ ಬಾಗಿಲಿಗೆ ಹೋದ! ಟೆರೇಸಿನಿಂದ ನೋಡುತ್ತಿದ್ದೆ. ಆಕೆ ಹೊರಗೆ ಬಂದಳು.

"ಬರ್ರಿ ಸತ್ಯಪ್ಪಣ್ಣಾ. ಒಳಗ ಬಂದು ಕುಂದರ್ರಿ."

ಅಪ್ಪ ಒಳಗೆ ಹೋದ. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ.

ಮೇ 1, ಶುಕ್ರವಾರ. ಬುದ್ಧ ಪೂರ್ಣಿಮೆ

ವಂದನೆ ಮುಗಿಸಿ ಕಂಬ ಏರಿಸಿದೆವು. ಹೊಸ ಧ್ವಜ, ಮೊಳ ಬಿಟ್ಟು ಕೆಳಗೆ ತಂತಿ. ಇನ್ನು ಬೇವಿನ ಗಿಡದ ತುದಿಯ ಕೊಂಬೆಗೆ ಹಗ್ಗ ದಾಟಿಸಬೇಕು, ಏಣಿ ಸಾಲದು. ಅಪ್ಪ ಕವಣೆ ಮಾಡಿಕೊಂಡು ಬಂದ — ಚಿಕ್ಕಂದಿನಲ್ಲಿ ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುತ್ತಿದ್ದನಂತೆ. ಕಲ್ಲಿಗೆ ದಾರ ಕಟ್ಟಿ ಬೀಸಿದ. ಮೊದಲ ಕಲ್ಲು ನೇರ ಸಾವಂತ್ರೆವ್ವನ ಹೆಂಚಿಗೆ. ಆಕೆ ಹೊರಗೆ ಬಂದಳು.

"ನಮ್ಮ ಮನಿಗೆ ಕಲ್ಲ ಒಗ್ಯಾಕ ಇಷ್ಟ ವರ್ಷ ಕಾದ್ರೇನು ಅಣ್ಣಾ?"

ಅಪ್ಪ ಕವಣೆ ಇಳಿಸಿ ಆಕೆಯ ಮುಖ ನೋಡಿದ. ಆಕೆಯೂ ನೋಡಿದಳು. ಆಮೇಲೆ ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಮುಂದಿನ ಕಲ್ಲು ನೆತ್ತಿಯ ಕವಲು ದಾಟಿತು.

ಅದೇ ದಿನ, ಸಂಜೆ

ಗುಂಯ್ ಅಡಗಿದೆ. ಎಲ್ಲ ತಿಳಿ. ಕರೆದೆ. ನಿಹಾಲ್ ಬಂದ — ಪಕ್ಕದ ಖೋಲಿಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟ. ಇಷ್ಟೊಂದು ನೀರು, ಇಷ್ಟೊಂದು ನೆಲ, ನಡುವೆ ಒಂದು ತಂತಿ. ನಂಬಲಾಗುತ್ತಿಲ್ಲ. ನನ್ನ ತಂದೆಯೂ ಕೇಳುತ್ತಿದ್ದಾರೆ, ಹೆಸರು ಸತ್ಯಪ್ಪ ಎಂದೆ. ಒಂದು ಕ್ಷಣ ಬಿಟ್ಟು ಬಂತು —

"ಗುಡ್ ಈವ್ನಿಂಗ್, ಮಿಸ್ಟರ್ ಸತ್ಯಪ್ಪ. ವೆಲ್‌ಕಮ್, ಸರ್."

ಅಪ್ಪ ಎದ್ದು ನಿಂತ. ಬಸ್ಸಿನಲ್ಲಿ ರಿಟೈರಾಗುವ ತನಕ "ಏ ಕಂಡಕ್ಟರ್" ಅನ್ನಿಸಿಕೊಂಡವನು. ಟೊಪ್ಪಿಗೆ ಸರಿ ಮಾಡಿಕೊಂಡು ರೇಡಿಯೋಕ್ಕೆ ಕೈ ಮುಗಿದ.

"ನಮಸ್ಕಾರ್ರಿ ಸಾಹೇಬ್ರ. ನಾ ಸತ್ಯಪ್ಪರೀ, ಮುರಗೋಡದಾಂವ."

ಮೈಕ್ ಬಂದ್ ಇತ್ತು. ಲೈಸೆನ್ಸ್ ಇಲ್ಲದವರು ಮಾತಾಡುವಂತಿಲ್ಲ. ಅಪ್ಪನಿಗೆ ಹೇಗೆ ಹೇಳಲಿ? ಹೇಳಲೇಬೇಕಾಯಿತು.

ಮೇ 3, ರವಿವಾರ. ಬೆಳಿಗ್ಗೆ

ನಿನ್ನೆಯೆಲ್ಲ ಅಪ್ಪ ಮಾತಾಡಲಿಲ್ಲ. ನೊಂದುಕೊಂಡಿದ್ದಾನೆ ಅಂದುಕೊಂಡಿದ್ದೆ. ಈಗ ನಾನು ಲೈಸೆನ್ಸ್ ಪರೀಕ್ಷೆಗೆ ಓದಿದ ಪುಸ್ತಕ ಹಿಡಿದು ಎದುರಿಗೆ ಬಂದು ಕೂತಿದ್ದಾನೆ. ಎಪ್ಪತ್ತೆರಡು ವರ್ಷ, ಮೂಗಿನ ಮೇಲೆ ಚಾಳೀಸು.

"ಇದರಾಗ ಮದಲ ಯಾವುದು ಓದಬೇಕು?"

"ಯಾಕಪ್ಪಾ?"

"ಮೊನ್ನಿ ನನ್ನ ಹೆಸರು ನೀ ಹೇಳಿದಿ. ಅದನ್ನ ನಾನ ಹೇಳಬೇಕವಾ."

ಓಮ್‌ನ ನಿಯಮದ ಪುಟ ತೆಗೆದುಕೊಟ್ಟೆ. ಬರಕೋತ ಕುಂದರಬ್ಯಾಡ, ಹೇಳಿಕೊಡು ಅಂತ ಪೆನ್ನಿಗೇ ಕೈ ಹಾಕುತ್ತಿದ್ದಾ—