ಮೀನಿಲ್ಲದ ಜಾಗ ಹೇಳುವ ಹುಡುಗ

ಚೆನ್ನೈ, ೧೨-೧-೧೯೯೯

ಹೆಮ್ಮಾಡಿಯ ಹರಿಣಾಕ್ಷಿ ಅಕ್ಕನಿಗೆ ತಮ್ಮ ಚಂದಯ್ಯನ ನಮಸ್ಕಾರ.

ನಿನ್ನ ಮಗಳು ಶ್ರಾವ್ಯಳನ್ನು ಮದುವೆಗೆ ಕೇಳಿದ ಬೈಂದೂರಿನ ಹುಡುಗ ಯತೀಶನನ್ನು ಅವನ ಸಂಸ್ಥೆಯಲ್ಲೇ ನೋಡಿದೆ. ಗಣಿತಜ್ಞ ಎಂದರೆ ರಾಶಿ ಅಂಕಿ ಕೂಡಿಸುವವನೆಂದು ತಿಳಿದಿದ್ದೆ. ಹೋದಾಗ ಕಾಲು ಚಾಚಿ ಗೋಡೆ ನೋಡುತ್ತಿದ್ದ. ಅದೇ ಕೆಲಸವಂತೆ, ಸಂಬಳವೂ ಅದಕ್ಕೇ. ಆಮೇಲೆ ಇಬ್ಬರೂ ಊಟ ಮಾಡಿದ ಹೋಟೆಲಿನ ಬಿಲ್ಲು ಕೂಡಿಸಿದ್ದು ನಾನೇ.

ವರ್ಷಗಟ್ಟಲೆ ಕೂತು ಏನನ್ನೋ ಸಾಧಿಸಿ ತೋರಿಸಿದ್ದನಂತೆ. ಎಲ್ಲರೂ ಭೇಷ್ ಎಂದ ಮೇಲೆ, ಹೋದ ವಾರ ಅದರಲ್ಲಿ ತಾನೇ ತಪ್ಪು ಕಂಡು ಎಲ್ಲರಿಗೂ ಸಾರಿದ್ದಾನೆ.

“ತಪ್ಪು ಬೇರೆ ಯಾರಿಗಾರೂ ಗೊತ್ತಿತ್ತಾ?” ಎಂದೆ.

“ಇಲ್ಲೆ ಮಾವ.”

“ಹಂಗಾರೆ ಹೇಳಿದ್ದ್ ಎಂತಕೆ ಮಾರಾಯಾ?”

“ಹೇಳ್ದಿದ್ರೆ ಉಳ್ದೋರ್ ಅದ್ನೇ ನಂಬ್ಕಂಡ್ ಮುಂದೆ ಹೋತ್ರಲೆ.”

ನಮ್ಮವರು ಮೀನು ಸಿಕ್ಕಿದ ಜಾಗವನ್ನು ಒಡಹುಟ್ಟಿದವನಿಗೂ ಹೇಳುವುದಿಲ್ಲ. ಇವನು ಮೀನಿಲ್ಲದ ಜಾಗವನ್ನೂ ಕರೆದು ಹೇಳುವವನು. ದೋಣಿಯ ಪಾಲಿಗೆ ನಾನಂತೂ ಸೇರಿಸಿಕೊಳ್ಳುವುದಿಲ್ಲ. ಆದರೆ ಹಿಂದಿನ ಗಂಡು, ಮುಂಬೈಯಲ್ಲಿ ತಾನು ಕೆಲಸಕ್ಕಿದ್ದ ಹೋಟೆಲನ್ನು ಸ್ವಂತದ್ದೆಂದು ನಿಶ್ಚಿತಾರ್ಥದ ತನಕ ನಮ್ಮನ್ನು ನಂಬಿಸಿದ್ದನಲ್ಲ. ಅದನ್ನು ನೆನೆದರೆ ಶ್ರಾವ್ಯಳಿಗೆ ಇಂಥವನೇ ಆಗಬೇಕು.

ಇಲ್ಲಿಯ ಹುಳಿಗೆ ಹೊಟ್ಟೆ ಕೆಟ್ಟಿತ್ತು, ಈಗ ಸಮ ಆಗಿದೆ. ಶಿವರಾತ್ರಿ ಕಳೆದು ಹುಡುಗಿ ನೋಡಲು ಬರುತ್ತಾನೆ. ಮೀನುಸಾರು ಅವಳೇ ಮಾಡಲಿ. ಹೇಗಾಗಿದೆ ಎಂದು ಮಾತ್ರ ಯಾರೂ ಅವನನ್ನು ಕೇಳಬೇಡಿ.

ಚಂದಯ್ಯ